ಬೆಳಗಿನ ಜಾವ ನಾಲ್ಕರ ಎದೆನೋವು: ಹೃದಯದ ನಾಳದ ಸೆಳೆತ ಮಾತ್ರೆಗೂ ಬಗ್ಗದಿದ್ದರೆ ಏನು ಮಾಡಬೇಕು?

ಬೆಳಗಿನ ಜಾವ 4 ಗಂಟೆ 20 ನಿಮಿಷ. ಎದೆಯ ಮೇಲೆ ಯಾರೋ ಒರಳುಕಲ್ಲು ತಂದಿಟ್ಟ ಹಾಗೆ. ದವಡೆ ಬಿಗಿಯುತ್ತದೆ, ಎಡಗೈ ಜೋಮು ಹಿಡಿಯುತ್ತದೆ, ಬನಿಯನ್ ಒದ್ದೆ. ನಾಲಿಗೆ ಕೆಳಗೆ ಒಂದು ಮಾತ್ರೆ ಇಟ್ಟು ಮಂಚದ ಅಂಚಿನಲ್ಲಿ ಕುಳಿತರೆ ಐದು ನಿಮಿಷದಲ್ಲಿ ಕಲ್ಲು ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ ಮೂರು ಮಹಡಿ ಮೆಟ್ಟಿಲು ಹತ್ತಿದರೂ ಏನೂ ಆಗುವುದಿಲ್ಲ. ಇದನ್ನು ಯಾರಿಗೆ ಹೇಳಿದರೂ ಸಿಗುವ ಉತ್ತರ ಒಂದೇ: "ಗ್ಯಾಸ್ಟ್ರಿಕ್ ಕಣ್ರೀ, ಓಮಿನ ನೀರು ಕುಡೀರಿ."

ನನಗೂ ಎರಡು ವರ್ಷ ಅದೇ ಉತ್ತರ. ಆಂಜಿಯೋಗ್ರಾಂ ಮಾಡಿದವರು "ಬ್ಲಾಕ್ ಇಲ್ಲ, ಆರಾಮಾಗಿ ಮನೆಗೆ ಹೋಗಿ" ಅಂದರು. ಆಮೇಲೆ ಇನ್ನೊಬ್ಬ ವೈದ್ಯರು ಕಾಯಿಲೆಯ ಹೆಸರು ಹೇಳಿದರು: ಕರೋನರಿ ಸ್ಪಾಸಮ್, ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳದ ಸೆಳೆತ. ಮಾತ್ರೆ ಶುರುವಾಯಿತು. ನೋವು ಮಾತ್ರ ಹೋಗಲಿಲ್ಲ. ಈ ಲೇಖನ ಆ ಎರಡನೇ ಹಂತದಲ್ಲಿ ಸಿಕ್ಕಿಕೊಂಡವರಿಗೆ. ಹೆಸರು ಗೊತ್ತು, ಔಷಧಿ ಇದೆ, ಆದರೂ ನೋವು ಬರುತ್ತಲೇ ಇದೆ ಅನ್ನುವವರಿಗೆ.

ನಾನು ವೈದ್ಯನಲ್ಲ. ಇಲ್ಲಿ ಬರೆದ ಯಾವುದನ್ನೂ ನೋಡಿ ನೀವೇ ಮಾತ್ರೆ ನಿಲ್ಲಿಸಬೇಡಿ, ಹೆಚ್ಚಿಸಬೇಡಿ. ಸೆಳೆತದ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ನೋವು ದುಪ್ಪಟ್ಟಾಗಿ ತಿರುಗಿ ಬರಬಹುದು. ವೈದ್ಯರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ಇದನ್ನು ಬಳಸಿ.

ಮೊದಲು ತುರ್ತಿನ ಮಾತು

ಸೆಳೆತ ಅಂತ ಗೊತ್ತಿದ್ದರೂ ಅದು ಹೃದಯಾಘಾತವಾಗಿ ತಿರುಗಬಹುದು. ನೋವು ಬಂದ ಕೂಡಲೇ ಕುಳಿತುಕೊಳ್ಳಿ. ವೈದ್ಯರು ಬರೆದುಕೊಟ್ಟಿರುವ, ನಾಳ ಸಡಿಲಿಸುವ ನೈಟ್ರೇಟ್ ಮಾತ್ರೆ ಅಥವಾ ಸ್ಪ್ರೇ ನಾಲಿಗೆ ಕೆಳಗೆ ಹೋಗಲಿ. ನಿಂತು ತೆಗೆದುಕೊಂಡರೆ ಬಿಪಿ ಇಳಿದು ಬೀಳುವ ಸಂಭವ ಜಾಸ್ತಿ. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ನೋವಿನ ಜೊತೆ ಕಣ್ಣು ಕತ್ತಲೆ ಬಂದರೆ, ಪ್ರಜ್ಞೆ ತಪ್ಪಿದರೆ, 5 ನಿಮಿಷವೂ ಕಾಯಬೇಡಿ. ಸೆಳೆತದ ಹೊತ್ತಿನಲ್ಲಿ ಹೃದಯದ ಬಡಿತ ದಾರಿ ತಪ್ಪುತ್ತಿದೆ ಅಂತ ಅದರ ಅರ್ಥ ಇರಬಹುದು. ನೀವೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋಗುವ ಸಾಹಸ ಬೇಡ.

ಇನ್ನೊಂದು ಮಾತು, ಸಂಕೋಚ ಬಿಟ್ಟು ಹೇಳುತ್ತೇನೆ. ಸಿಲ್ಡೆನಾಫಿಲ್, ಟಡಲಾಫಿಲ್ ತರಹದ ಲೈಂಗಿಕ ಶಕ್ತಿಯ ಮಾತ್ರೆ ತೆಗೆದುಕೊಂಡಿದ್ದರೆ ನೈಟ್ರೇಟ್ ಮುಟ್ಟಲೇಬಾರದು. ಮೊದಲನೆಯದಕ್ಕೆ 24 ಗಂಟೆ, ಎರಡನೆಯದಕ್ಕೆ 48 ಗಂಟೆ. ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಹೆಂಡತಿ ಮಕ್ಕಳ ಎದುರಿಗೇ ಆದರೂ ಇದನ್ನು ಹೇಳಿಬಿಡಿ.

ಇದು ಬ್ಲಾಕ್ ಅಲ್ಲ, ಹಿಡಿತ

ರಾತ್ರಿ ಮಲಗಿದ್ದಾಗ ಮೀನಖಂಡ ಹಿಡಿದುಕೊಳ್ಳುತ್ತದಲ್ಲ, ಹೃದಯದ ರಕ್ತನಾಳಕ್ಕೂ ಹೆಚ್ಚು ಕಡಿಮೆ ಅದೇ ಪಾಡು. ನಾಳದ ಗೋಡೆಯಲ್ಲಿರುವ ಸ್ನಾಯು ಸೆಟೆದುಕೊಂಡು ರಕ್ತದ ದಾರಿ ಮುಚ್ಚುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತದೆ. ಬಿಟ್ಟ ಮೇಲೆ ಗುರುತು ಉಳಿಯುವುದಿಲ್ಲ. 1959ರಲ್ಲಿ ಅಮೆರಿಕದ ವೈದ್ಯ ಮೈರನ್ ಪ್ರಿಂಜ್‌ಮೆಟಲ್ ಮತ್ತು ಜೊತೆಗಾರರು ಇಂಥ ನೋವನ್ನು ಬೇರೆಯದೇ ಜಾತಿಯ ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ಅಂತ ವಿವರಿಸಿದರು. ದುಡಿದಾಗ ಬರುವುದಿಲ್ಲ, ಸುಮ್ನೆ ಇದ್ದಾಗ ಬರುತ್ತದೆ. ಈಗಲೂ ಕೆಲವು ರಿಪೋರ್ಟಿನಲ್ಲಿ 'ಪ್ರಿಂಜ್‌ಮೆಟಲ್ ಆಂಜೈನಾ' ಅಂತಲೇ ಇರುತ್ತದೆ. ಹೊಸ ಹೆಸರು ವ್ಯಾಸೋಸ್ಪಾಸ್ಟಿಕ್ ಆಂಜೈನಾ.

ಈ ಕಾಯಿಲೆಗೆ ಗಡಿಯಾರ ಇದೆ. ನಡುರಾತ್ರಿಯಿಂದ ಬೆಳಗಿನವರೆಗೆ ಅದರ ರಾಜ್ಯ. 1979ರಲ್ಲಿ ಜಪಾನಿನ ಹಿರೊಫುಮಿ ಯಾಸುಯೆ ಅವರ ತಂಡ 13 ರೋಗಿಗಳಿಗೆ ಒಂದೇ ವ್ಯಾಯಾಮ ಪರೀಕ್ಷೆಯನ್ನು ಎರಡು ಹೊತ್ತಿನಲ್ಲಿ ಮಾಡಿಸಿತು. ಬೆಳಗಿನ ಜಾವ 13 ಜನರಿಗೂ ನೋವು ಬಂತು. ಮಧ್ಯಾಹ್ನ ಬರೀ ಇಬ್ಬರಿಗೆ. ಅದೇ ಹೃದಯ, ಅದೇ ನಾಳ. ಹಾಗಾಗಿ ಹಗಲು 11 ಗಂಟೆಗೆ ಅಪಾಯಿಂಟ್‌ಮೆಂಟ್ ಕೊಟ್ಟು ಮಾಡಿದ ಟ್ರೆಡ್‌ಮಿಲ್ ನಾರ್ಮಲ್ ಬಂದರೆ ಆಶ್ಚರ್ಯ ಏನಿದೆ?

ನನಗೆ ತಡವಾಗಿ ಗೊತ್ತಾದದ್ದು ಇಷ್ಟೇ. ಈ ನೋವು ಮಾತ್ರೆಗೆ ಬಗ್ಗುತ್ತಿಲ್ಲ ಅಂದರೆ, ಎಷ್ಟೋ ಸಲ ಮಾತ್ರೆ ತಪ್ಪಲ್ಲ, ಹೊತ್ತು ತಪ್ಪು.

ಹೆಜ್ಜೆ 1: ಒಂದು ನೋಟ್‌ಬುಕ್, ಒಂದು ಪೆನ್ನು

ದಿಂಬಿನ ಪಕ್ಕ ಇಟ್ಟುಕೊಳ್ಳಿ. ನೋವು ಶುರುವಾದ ಗಂಟೆ, ಮುಗಿದ ಗಂಟೆ, ಮಾತ್ರೆ ಇಟ್ಟ ಎಷ್ಟು ನಿಮಿಷಕ್ಕೆ ಇಳಿಯಿತು, ಹಿಂದಿನ ದಿನ ಏನಾದರೂ ಬೇರೆ ನಡೆಯಿತಾ. ಇಷ್ಟು ಸಾಕು. ನನ್ನ ಪುಸ್ತಕದ ಒಂದು ಪುಟ ಹೀಗಿದೆ: "4:20 ರಿಂದ 4:31. ಮಾತ್ರೆ 4:24. ನಿನ್ನೆ ರಾತ್ರಿ ಮದುವೆ ಊಟ, ಎರಡು ಪೆಗ್. 5:05 ಮತ್ತೆ, ಸಣ್ಣದು." ಕೈ ನಡುಗಿ ಬರೆದದ್ದು, ಅಕ್ಷರ ಕೋಳಿ ಕಾಲು. ಆದರೆ ನಾಲ್ಕು ವಾರದ ಪುಟ ತಿರುವಿದಾಗ ವೈದ್ಯರು ಮೊದಲ ಸಲ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಎದೆನೋವು ಅಂತ ನೂರು ಸಲ ಹೇಳುವುದಕ್ಕಿಂತ "18 ಸಲ ಬಂತು, ಅದರಲ್ಲಿ 15 ಬೆಳಗಿನ ಜಾವ 3ರಿಂದ 6ರ ಒಳಗೆ" ಅನ್ನುವುದು ಬೇರೆ.

ಒಂದು ಎಚ್ಚರಿಕೆ. ನಾಲಿಗೆ ಕೆಳಗಿನ ಮಾತ್ರೆಗೆ ನೋವು ಇಳಿಯಿತು ಅಂದಮಾತ್ರಕ್ಕೆ ಅದು ಹೃದಯದ್ದೇ ಅಂತ ಹೇಳಲು ಬರುವುದಿಲ್ಲ. ಅನ್ನನಾಳದ ಸೆಳೆತವೂ ನೈಟ್ರೇಟ್‌ಗೆ ಇಳಿಯುತ್ತದೆ. ಅದಕ್ಕೇ ಮುಂದಿನ ಹೆಜ್ಜೆ.

ಹೆಜ್ಜೆ 2: ನೋವು ಇರುವಾಗಲೇ ಇಸಿಜಿ

ನೋವು ಹೋದ ಮೇಲೆ ತೆಗೆದ ಇಸಿಜಿ, ಕಳ್ಳ ಓಡಿಹೋದ ಮೇಲೆ ಬಾಗಿಲ ಫೋಟೋ ತೆಗೆದ ಹಾಗೆ. ದೊಡ್ಡ ನಾಳ ಪೂರ್ತಿ ಸೆಟೆದಾಗ ಇಸಿಜಿಯಲ್ಲಿ ಎಸ್‌ಟಿ ಅನ್ನುವ ಗೆರೆಯ ಭಾಗ ಹೃದಯಾಘಾತದಲ್ಲಿ ಆದಂತೆಯೇ ಮೇಲೇಳುತ್ತದೆ. ಸೆಳೆತ ಬಿಟ್ಟರೆ ತಿರುಗಿ ಸಪಾಟಾಗುತ್ತದೆ. ಆ ಹತ್ತು ನಿಮಿಷದ ಕಾಗದ ಸಿಕ್ಕರೆ ಅರ್ಧ ವಾದ ಮುಗಿದಂತೆ.

ಹೇಗೆ ಹಿಡಿಯುವುದು? ಆಸ್ಪತ್ರೆ ಹತ್ತಿರ ಇದ್ದರೆ, ನೋವು ಬಂದರೆ ಮೊದಲು ಇಸಿಜಿ ತೆಗೆಯಿರಿ ಅಂತ ವೈದ್ಯರಿಂದ ಚೀಟಿ ಬರೆಸಿಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ ನೋಡಿಸುವ ವ್ಯವಸ್ಥೆ ಇದೆ. ಬೆಂಗಳೂರಿಗೆ ಓಡುವ ಮೊದಲು ಅಲ್ಲಿಗೆ ಹೋಗಿ. ನೋವು ಹೆಚ್ಚು ಕಡಿಮೆ ದಿನಾ ಬರುತ್ತಿದ್ದರೆ ಹೋಲ್ಟರ್ ಕೇಳಿ. 24 ಅಥವಾ 48 ಗಂಟೆ ಎದೆಗೆ ಅಂಟಿಸಿಕೊಂಡು ತಿರುಗುವ ಯಂತ್ರ ಅದು. 12 ಲೀಡಿನದು, ಅಂದರೆ ಹೃದಯವನ್ನು 12 ಕೋನದಿಂದ ನೋಡುವಂಥದು ಸಿಕ್ಕರೆ ಒಳ್ಳೆಯದು. ವಾರಕ್ಕೊಮ್ಮೆ ಬರುವ ನೋವಿಗೆ ಹೋಲ್ಟರ್ ಲಾಟರಿ ಇದ್ದ ಹಾಗೆ.

ಆದರೆ ಇಸಿಜಿ ಆಸೆಗೆ ನೋವನ್ನು ಹಲ್ಲು ಕಚ್ಚಿ ಸಹಿಸಬೇಡಿ. ಮಾತ್ರೆ ಮೊದಲು.

ಹೆಜ್ಜೆ 3: ನಾಲ್ಕು ಗಂಟೆಗೆ ನಿಮ್ಮ ರಕ್ತದಲ್ಲಿ ಮಾತ್ರೆ ಇದೆಯಾ?

ಸೆಳೆತಕ್ಕೆ ಮುಖ್ಯ ಮದ್ದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್, ಅಂದರೆ ನಾಳದ ಸ್ನಾಯು ಸೆಟೆಯದಂತೆ ತಡೆಯುವ ಮಾತ್ರೆ. ಡಿಲ್ಟಿಯಾಜೆಮ್, ವೆರಪಾಮಿಲ್, ನಿಫೆಡಿಪಿನ್, ಆಮ್ಲೋಡಿಪಿನ್ ಎಲ್ಲ ಅದೇ ಬಳಗ. ಇದರ ಜೊತೆಗೆ ನೈಟ್ರೇಟ್. ಈಗ ಲೆಕ್ಕ ಹಾಕಿ. ಸಾದಾ ಡಿಲ್ಟಿಯಾಜೆಮ್ ರಕ್ತದಲ್ಲಿ ಮೂರ್ನಾಲ್ಕು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಸಂಜೆ 7ಕ್ಕೆ ಊಟದ ಜೊತೆ ನುಂಗಿದರೆ ಬೆಳಗಿನ 4ಕ್ಕೆ ಉಳಿದಿರುವುದು ಚೂರುಪಾರು. ನೋವಿನ ಹೊತ್ತಿಗೆ ಸರಿಯಾಗಿ ಕಾವಲುಗಾರ ನಿದ್ದೆಗೆ ಜಾರಿರುತ್ತಾನೆ.

ನನಗೆ ಆದದ್ದೂ ಇದೇ, ಅದೂ ಒಂದು ಸಣ್ಣ ತಪ್ಪಿನಿಂದ. ಚೀಟಿಯಲ್ಲಿ ಇದ್ದದ್ದು 'ಎಸ್‌ಆರ್', ಅಂದರೆ ನಿಧಾನವಾಗಿ ಬಿಡುಗಡೆ ಆಗುವ ಮಾತ್ರೆ. ಅಂಗಡಿಯವರು ಕೊಟ್ಟದ್ದು ಸಾದಾ. ಹೆಸರು ಒಂದೇ, ಸ್ಟ್ರಿಪ್‌ನ ಬಣ್ಣವೂ ಹತ್ತಿರ ಹತ್ತಿರ. ಎರಡು ತಿಂಗಳು ನನ್ನ ಕಾಯಿಲೆ ಮದ್ದಿಗೆ ಬಗ್ಗದ ಜಾತಿ ಅಂತ ಅಂದುಕೊಂಡಿದ್ದೆ. ಒಂದು ದಿನ ಹೆಂಡತಿ ಸ್ಟ್ರಿಪ್ ತಿರುಗಿಸಿ ಓದಿ, "ಇದರಲ್ಲಿ ಆ ಎರಡು ಅಕ್ಷರ ಇಲ್ವಲ್ಲ" ಅಂದಳು. ನೀವೂ ಈಗಲೇ ಎದ್ದು ಹೋಗಿ ಸ್ಟ್ರಿಪ್ ನೋಡಿ. ಎಸ್‌ಆರ್, ಇಆರ್, ಸಿಡಿ ಇಂಥ ಅಕ್ಷರ ಇದ್ದರೆ ಅದನ್ನು ಜಗಿಯಬಾರದು, ಪುಡಿ ಮಾಡಬಾರದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆ: "ಇದನ್ನು ಮಲಗುವ ಹೊತ್ತಿಗೆ ತಗೊಳ್ಳಬಹುದಾ? ದೀರ್ಘಕಾಲ ಕೆಲಸ ಮಾಡುವ ರೂಪದಲ್ಲಿ ಕೊಡಬಹುದಾ?"

ನೈಟ್ರೇಟ್‌ನದು ಇನ್ನೂ ತಮಾಷೆ. ದಿನವಿಡೀ ಕೊಟ್ಟರೆ ದೇಹ ಅದಕ್ಕೆ ಒಗ್ಗಿಕೊಂಡು ಪರಿಣಾಮ ಇಳಿಯುತ್ತದೆ. ಅದಕ್ಕೆ ದಿನದಲ್ಲಿ ಕೆಲವು ಗಂಟೆ ಬಿಡುವು ಕೊಡುವುದು ವಾಡಿಕೆ. ಮಾಮೂಲಿ ಬ್ಲಾಕ್ ಇರುವವರಿಗೆ ನೋವು ಬರುವುದು ಹಗಲು ದುಡಿಯುವಾಗ. ಹಾಗಾಗಿ ಅವರಿಗೆ ಬೆಳಿಗ್ಗೆ 8, ಮಧ್ಯಾಹ್ನ 3 ಅಂತ ಕೊಟ್ಟು ರಾತ್ರಿ ಬಿಡುವು ಇಡುತ್ತಾರೆ. ಅದೇ ಪಟ್ಟಿಯನ್ನು ಅಭ್ಯಾಸಬಲದಿಂದ ಸೆಳೆತದವರಿಗೂ ಬರೆದರೆ? ಕಾವಲು ಬೇಕಾದ ರಾತ್ರಿಯೇ ಬಾಗಿಲು ತೆಗೆದಿಟ್ಟಂತೆ. ಬಿಡುವನ್ನು ಹಗಲಿಗೆ ಬದಲಾಯಿಸಬಹುದಾ ಅಂತ ಕೇಳಿ.

ಹೆಜ್ಜೆ 4: ಸೆಳೆತಕ್ಕೆ ಕುಮ್ಮಕ್ಕು ಕೊಡುತ್ತಿರುವುದು ಏನು?

ಇನ್ನೊಂದು ಮಾತ್ರೆ ಸೇರಿಸುವ ಮೊದಲು ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಡ್ರಾಪ್ಸ್ ಒಂದು ಬುಟ್ಟಿಗೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.

ಮೊದಲು ಹುಡುಕಬೇಕಾದದ್ದು ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನ ಮಾಡುವ ಮಾತ್ರೆ. ಬ್ಲಾಕ್ ಇರುವವರಿಗೆ ಇದು ಒಳ್ಳೆಯ ಔಷಧಿ. ಬರೀ ಸೆಳೆತ ಇರುವವರಿಗೆ ಇದು, ಅದರಲ್ಲೂ ಪ್ರೊಪ್ರಾನೊಲಾಲ್, ಸೆಳೆತವನ್ನು ಹೆಚ್ಚಿಸಬಹುದು. ನಮ್ಮಲ್ಲಿ ಏನಾಗುತ್ತದೆ ನೋಡಿ. ಗ್ಯಾಸ್ಟ್ರಿಕ್ ಅಲ್ಲ ಅಂದಮೇಲೆ ಮುಂದಿನ ಹೆಸರು ಟೆನ್ಶನ್. ಟೆನ್ಶನ್‌ಗೆ, ಕೈ ನಡುಕಕ್ಕೆ, ತಲೆನೋವಿಗೆ ಕೊಡುವ ಮಾತ್ರೆಗಳಲ್ಲಿ ಪ್ರೊಪ್ರಾನೊಲಾಲ್ ಒಂದು. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಡ್ರಾಪ್ಸ್ ಕೂಡ ಅದೇ ಜಾತಿ, ಅದೂ ರಕ್ತಕ್ಕೆ ಸೇರುತ್ತದೆ. ಆದರೆ ಇವನ್ನು ಒಂದೇ ಸಲ ನಿಲ್ಲಿಸಬಾರದು. ಇಳಿಸುವ ಕ್ರಮ ವೈದ್ಯರೇ ಹೇಳಬೇಕು.

ಮೈಗ್ರೇನ್ ಇದೆಯಾ? ಸುಮಾಟ್ರಿಪ್ಟಾನ್, ಎರ್ಗೊಟಮಿನ್ ಎರಡೂ ಸೆಳೆತದವರಿಗೆ ನಿಷಿದ್ಧ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲಿಸಲು ಕೊಡುವ ಮೆಥೈಲ್ ಎರ್ಗೊಮೆಟ್ರಿನ್ ಕೂಡ ಎರ್ಗೊಟಮಿನ್ ವಂಶದ್ದೇ. ಸೆಳೆತ ಇರುವ ಹೆಣ್ಣುಮಕ್ಕಳು ಹೆರಿಗೆಗೆ ಮೊದಲೇ ಹೇಳಿಡಬೇಕು. ನೆಗಡಿ ಮಾತ್ರೆಯ ಹಿಂದೆ ಫಿನೈಲೆಫ್ರಿನ್, ಸೂಡೊಎಫೆಡ್ರಿನ್ ಅಂತ ಇದ್ದರೆ ಬೇಡ. ಮೂಗಿನ ಡ್ರಾಪ್ಸ್ ವಿಷಯದಲ್ಲೂ ಅದೇ. ಕ್ಯಾನ್ಸರ್‌ಗೆ ಕೊಡುವ ಕ್ಯಾಪೆಸಿಟಬಿನ್, 5-ಫ್ಲೋರೊಯುರಾಸಿಲ್ ಕೆಲವರಲ್ಲಿ ಸೆಳೆತ ತರುತ್ತವೆ. ಆ ಚಿಕಿತ್ಸೆ ನಡೆಯುತ್ತಿರುವಾಗ ಎದೆನೋವು ಬಂದರೆ ಆ ದಿನವೇ ವೈದ್ಯರಿಗೆ ಫೋನ್ ಮಾಡಿ.

ಗ್ಯಾಸ್ಟ್ರಿಕ್ ಅಂತ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗಿದವರು ಮೆಗ್ನೀಷಿಯಂ ಪರೀಕ್ಷೆ ಮಾಡಿಸಿ. ಆ ಬಳಗದ ಮಾತ್ರೆಗಳು ಕೆಲವರಲ್ಲಿ ಮೆಗ್ನೀಷಿಯಂ ಇಳಿಸುತ್ತವೆ, ಮೆಗ್ನೀಷಿಯಂ ಕಡಿಮೆ ಆದರೆ ನಾಳ ಸೆಟೆಯುವುದು ಸುಲಭ.

ಇನ್ನು ತಂಬಾಕು. ಸಿಗರೇಟು, ಬೀಡಿ ಸೇದುತ್ತಾ ಈ ಕಾಯಿಲೆಗೆ ಮಾತ್ರೆ ನುಂಗುವುದು, ತೂತಿರುವ ಬಿಂದಿಗೆಗೆ ನೀರು ಹೊತ್ತ ಹಾಗೆ. ಸೆಳೆತಕ್ಕೆ ಗೊತ್ತಿರುವ ಕಾರಣಗಳಲ್ಲಿ ಧೂಮಪಾನವೇ ದೊಡ್ಡದು. ನಾನು ದಿನಕ್ಕೆ ಒಂದು ಪ್ಯಾಕಿನಿಂದ ಎರಡು ಸಿಗರೇಟಿಗೆ ಇಳಿದು ಬೀಗುತ್ತಿದ್ದೆ. ನೋಟ್‌ಬುಕ್ ಒಪ್ಪಲಿಲ್ಲ. ಆ ಎರಡು ಸಿಗರೇಟನ್ನೂ ಬಿಟ್ಟ ಮೇಲೆ ನೋವಿನ ದಿನಗಳು ಕಡಿಮೆಯಾದದ್ದು ಪುಟದಲ್ಲೇ ಕಾಣಿಸಿತು. ಮದ್ಯದ ಆಟ ಬೇರೆ. ಕುಡಿಯುವಾಗ ಏನೂ ಆಗುವುದಿಲ್ಲ, ಅಮಲು ಇಳಿಯುವ ಬೆಳಗಿನ ಜಾವ ಹಿಡಿಯುತ್ತದೆ. ಆ ಎರಡು ಪೆಗ್ಗಿನ ಪುಟ ನೆನಪಿದೆಯಲ್ಲ?

ಚಳಿ ಮತ್ತೊಂದು. ಧನುರ್ಮಾಸದ ಪೂಜೆಗೆ, ಅಯ್ಯಪ್ಪನ ಮಾಲೆ ಹಾಕಿದಾಗ, ಬೆಳಗಿನ ಜಾವ ತಣ್ಣೀರು ಸ್ನಾನ ಮಾಡುವವರು ನಮ್ಮಲ್ಲಿ ಬಹಳ. ಸೆಳೆತದ ಹೊತ್ತು, ಮೇಲೆ ತಣ್ಣೀರು. ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಬಿಸಿನೀರು ಕಾಯಿಸಿಕೊಳ್ಳಿ. ಗುರುಸ್ವಾಮಿಗೆ ಕಾಯಿಲೆ ವಿಷಯ ಹೇಳಿದರೆ ಬೇಡ ಅನ್ನುವುದಿಲ್ಲ.

ಇನ್ನೊಂದು, ಕೇಳಿದರೆ ಯೋಗದ ಗೆಳೆಯರು ಸಿಟ್ಟಾಗುತ್ತಾರೆ. ಸೆಳೆತ ಬರಿಸಿ ನೋಡುವ ಹಳೆಯ ಪರೀಕ್ಷೆಯೊಂದಿದೆ: ಬೆಳಗಿನ ಹೊತ್ತು 6 ನಿಮಿಷ ಜೋರಾಗಿ, ವೇಗವಾಗಿ ಉಸಿರಾಡಿಸುವುದು. ಭಸ್ತ್ರಿಕಾ ಬಹುಮಟ್ಟಿಗೆ ಅದೇ ಕೆಲಸ ಅಲ್ವಾ? ನಿಧಾನದ ಉಸಿರಾಟ ಮಾಡಿ, ವೇಗದ್ದು ಬಿಡಿ.

ಕೊನೆಯದು ದೇವನಹಳ್ಳಿಯವರಿಗೆ ಬೇಜಾರಾಗುವ ಸುದ್ದಿ. ಚಕ್ಕೋತದ ಹತ್ತಿರದ ನೆಂಟ ಗ್ರೇಪ್‌ಫ್ರೂಟ್ ಕೆಲವು ಕ್ಯಾಲ್ಸಿಯಂ ಚಾನೆಲ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಚಕ್ಕೋತದಲ್ಲೂ ಅಂಥದೇ ಅಂಶಗಳಿವೆ. ನಿಫೆಡಿಪಿನ್ ತೆಗೆದುಕೊಳ್ಳುವವರು ಕೇಳಿಕೊಂಡು ತಿನ್ನಿ.

ಹೆಜ್ಜೆ 5: ಮೇಲಿನ ಮೆಟ್ಟಿಲು

ಹೊತ್ತು ಸರಿ ಮಾಡಿ, ಕುಮ್ಮಕ್ಕು ನಿಲ್ಲಿಸಿ, ಎರಡು ಬಗೆಯ ಔಷಧಿ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟ ಮೇಲೂ ನೋವು ಬಂದರೆ ಆಗ ಅದನ್ನು ನಿಜವಾಗಿ ಬಗ್ಗದ ಸೆಳೆತ ಅನ್ನಬಹುದು. ಆಗಲೂ ದಾರಿಗಳಿವೆ.

ಮೊದಲನೆಯದು ಪ್ರಮಾಣ ಏರಿಸುವುದು. ಸೆಳೆತಕ್ಕೆ ಬೇಕಾಗುವ ಡೋಸ್ ಬಿಪಿಗೆ ಬೇಕಾಗುವುದಕ್ಕಿಂತ ಜಾಸ್ತಿ ಇರಬಹುದು. ಆಮೇಲೆ ಎರಡು ಬೇರೆ ಕುಟುಂಬದ ಕ್ಯಾಲ್ಸಿಯಂ ಬ್ಲಾಕರ್ ಜೋಡಿಸುವುದು, ಉದಾಹರಣೆಗೆ ಡಿಲ್ಟಿಯಾಜೆಮ್ ಜೊತೆ ಆಮ್ಲೋಡಿಪಿನ್ ಅಥವಾ ನಿಫೆಡಿಪಿನ್. ಕಾಲು ಊದಬಹುದು, ಬಿಪಿ ಇಳಿಯಬಹುದು, ವೆರಪಾಮಿಲ್ ಆದರೆ ಮಲಬದ್ಧತೆ ಕಾಡುತ್ತದೆ. ಮನೆಯಲ್ಲಿ ಬಿಪಿ, ನಾಡಿ ಬರೆದಿಡಿ.

ನಿಕೊರಾಂಡಿಲ್ ಇನ್ನೊಂದು ಆಯ್ಕೆ. ತಲೆನೋವು ಸಾಮಾನ್ಯ, ಕೆಲವರಿಗೆ ವಾಸಿಯಾಗದ ಬಾಯಿಹುಣ್ಣು ಬರುತ್ತದೆ. ಬಿ-ಕಾಂಪ್ಲೆಕ್ಸ್ ತಿಂದು ಸುಮ್ಮನಾಗದೆ ವೈದ್ಯರಿಗೆ ಹೇಳಿ. ಸ್ಟಾಟಿನ್ ಕೊಲೆಸ್ಟ್ರಾಲ್‌ಗೆ ಮಾತ್ರ ಅಂದುಕೊಳ್ಳಬೇಡಿ, ನಾಳದ ಒಳಪದರಕ್ಕೂ ಅದು ಒಳ್ಳೆಯದು. 2008ರಲ್ಲಿ ಯಾಸುಯೆ ಅವರ ತಂಡವೇ ಕ್ಯಾಲ್ಸಿಯಂ ಬ್ಲಾಕರ್ ಜೊತೆ ಫ್ಲುವಾಸ್ಟಾಟಿನ್ ಕೊಟ್ಟು ಸೆಳೆತ ಕಡಿಮೆಯಾದದ್ದನ್ನು ತೋರಿಸಿತು. ಡಿಲ್ಟಿಯಾಜೆಮ್ ಇದ್ದರೆ ಯಾವ ಸ್ಟಾಟಿನ್, ಎಷ್ಟು ಅನ್ನುವುದನ್ನು ವೈದ್ಯರು ನೋಡಿ ಕೊಡಬೇಕು, ಕೆಲವು ಒಂದಕ್ಕೊಂದು ಆಗಿಬರುವುದಿಲ್ಲ. ಕೊರಿಯಾದಲ್ಲಿ ಸಿಲೊಸ್ಟಜೋಲ್ ಪ್ರಯೋಗ ಮಾಡಿದ್ದಾರೆ, ಹೃದಯ ವೈಫಲ್ಯ ಇದ್ದವರಿಗೆ ಅದು ಬೇಡ. ಆಸ್ತಮಾ, ಅಲರ್ಜಿ, ಇಸಿನೊಫಿಲ್ (ಅಲರ್ಜಿಯಲ್ಲಿ ಏರುವ ಬಿಳಿ ರಕ್ತಕಣ) ಜಾಸ್ತಿ ಇರುವ ಕೆಲವರಲ್ಲಿ ಸ್ಟೀರಾಯ್ಡ್ ಕೊಟ್ಟ ಮೇಲಷ್ಟೇ ಸೆಳೆತ ನಿಂತ ಉದಾಹರಣೆಗಳಿವೆ. ಅಲರ್ಜಿ ಇದ್ದರೆ ಹೇಳಲು ಮರೆಯಬೇಡಿ.

ಸ್ಟೆಂಟ್? ಬರೀ ಸೆಳೆತಕ್ಕೆ ಸ್ಟೆಂಟ್ ಹಾಕಿದರೆ ಸೆಳೆತ ಪಕ್ಕದಲ್ಲೋ ಬೇರೆ ನಾಳದಲ್ಲೋ ಹಿಡಿದುಕೊಳ್ಳಬಹುದು. ಜೊತೆಗೆ ದೊಡ್ಡ ಬ್ಲಾಕೂ ಇದ್ದರೆ ಲೆಕ್ಕ ಬೇರೆ. ಸೆಳೆತದಿಂದ ಹೃದಯ ನಿಂತು ಬದುಕಿ ಬಂದವರಿಗೆ ಮಾತ್ರೆಯ ಜೊತೆ ಐಸಿಡಿ ಯಂತ್ರ (ಬಡಿತ ದಾರಿ ತಪ್ಪಿದರೆ ಒಳಗಿಂದಲೇ ಶಾಕ್ ಕೊಡುವಂಥದು) ಅಳವಡಿಸುವ ಬಗ್ಗೆ ಯೋಚಿಸುತ್ತಾರೆ.

ಹೆಜ್ಜೆ 6: ಅನುಮಾನ ಉಳಿದರೆ, ಸೆಳೆತ ಬರಿಸಿ ನೋಡುವ ಪರೀಕ್ಷೆ

"ಆಂಜಿಯೋಗ್ರಾಂ ನಾರ್ಮಲ್ ಇತ್ತಲ್ಲ?" ಇತ್ತು. ಆದರೆ ಕೈಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡುವಾಗ ಆ ನಾಳ ಸೆಟೆಯದಿರಲಿ ಅಂತ ನೈಟ್ರೋಗ್ಲಿಸರಿನ್, ಡಿಲ್ಟಿಯಾಜೆಮ್ ಅಥವಾ ವೆರಪಾಮಿಲ್ ಹಾಕುವುದು ಮಾಮೂಲು. ಅಂದರೆ ನಿಮ್ಮ ಕಾಯಿಲೆಯ ಮದ್ದನ್ನೇ ಕೊಟ್ಟು, ಹಗಲು ಹೊತ್ತಿನಲ್ಲಿ, ಕಾಯಿಲೆ ಇದೆಯಾ ಅಂತ ನೋಡಿರುತ್ತಾರೆ!

ಖಚಿತ ಪರೀಕ್ಷೆಯಲ್ಲಿ ಅಸಿಟೈಲ್‌ಕೊಲಿನ್ ಅನ್ನುವ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ನೇರ ಹೃದಯದ ನಾಳಕ್ಕೆ ಬಿಡುತ್ತಾರೆ. ನಿಮ್ಮ ಮಾಮೂಲಿ ನೋವು ಬಂದು, ಇಸಿಜಿ ಬದಲಾಗಿ, ನಾಳ ಶೇ. 90ಕ್ಕಿಂತ ಹೆಚ್ಚು ಕಿರಿದಾದರೆ ಸೆಳೆತ ಸಾಬೀತು. ನೋವು ಬಂತು, ಇಸಿಜಿ ಬದಲಾಯಿತು, ದೊಡ್ಡ ನಾಳ ಮಾತ್ರ ಚೆನ್ನಾಗಿದೆ ಅಂದರೆ ಸೆಳೆತ ಕಣ್ಣಿಗೆ ಕಾಣದ ಸಣ್ಣ ನಾಳಗಳಲ್ಲಿದೆ. ಅಂಥವರಿಗೆ ನಾಲಿಗೆ ಕೆಳಗಿನ ಮಾತ್ರೆ (ಸಾರ್ಬಿಟ್ರೇಟ್ ಅಂಥದೊಂದು) ಅಷ್ಟಾಗಿ ಹಿಡಿಯುವುದಿಲ್ಲ. "ಸಾರ್ಬಿಟ್ರೇಟ್‌ಗೆ ಇಳಿಯಲಿಲ್ಲ, ಹಾಗಾದರೆ ಹೃದಯದ್ದಲ್ಲ" ಅನ್ನಿಸಿಕೊಂಡು ಮನೆಗೆ ಬಂದವರಲ್ಲಿ ಇವರೂ ಇರುತ್ತಾರೆ. ಪರೀಕ್ಷೆಯಲ್ಲಿ ಬಡಿತ ಏರುಪೇರಾಗುವ ಸಣ್ಣ ಅಪಾಯ ಇದೆ. ಅದನ್ನು ಮಾಡಿ ಅನುಭವ ಇರುವ, ಆಂಜಿಯೋಗ್ರಾಂ ಮಾಡುವ ಕ್ಯಾಥ್‌ಲ್ಯಾಬ್‌ನಲ್ಲೇ ಮಾಡಿಸಬೇಕು. ಮೊದಲೇ ಫೋನ್ ಮಾಡಿ "ಅಸಿಟೈಲ್‌ಕೊಲಿನ್ ಪರೀಕ್ಷೆ ಮಾಡ್ತೀರಾ?" ಅಂತ ಕೇಳಿ. ಪರೀಕ್ಷೆಗೆ ಮುಂಚೆ ಸೆಳೆತದ ಮಾತ್ರೆ ಒಂದೆರಡು ದಿನ ನಿಲ್ಲಿಸಬೇಕಾಗುತ್ತದೆ. ಆ ದಿನಗಳನ್ನು ಎಲ್ಲಿ, ಹೇಗೆ ಕಳೆಯಬೇಕು ಅಂತ ಆಸ್ಪತ್ರೆಯವರ ಬಾಯಿಂದಲೇ ಕೇಳಿಕೊಳ್ಳಿ.

ಪರ್ಸಿನಲ್ಲಿ ಒಂದು ಚೀಟಿ

ನನ್ನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಮಡಚಿಟ್ಟ ಒಂದು ಕಾಗದ ಇದೆ. ಕಾಯಿಲೆಯ ಹೆಸರು, ನೋವಿದ್ದಾಗ ತೆಗೆದ ಇಸಿಜಿಯ ಸಣ್ಣ ಜೆರಾಕ್ಸ್, ಈಗಿನ ಮಾತ್ರೆಗಳು, ಅದರ ಕೆಳಗೆ ಕೆಂಪು ಶಾಯಿಯಲ್ಲಿ "ಬೀಟಾ ಬ್ಲಾಕರ್, ಟ್ರಿಪ್ಟಾನ್, ಎರ್ಗೊಟ್ ಕೊಡುವ ಮೊದಲು ಹೃದಯ ವೈದ್ಯರನ್ನು ಕೇಳಿ", ಹೆಂಡತಿಯ ನಂಬರು. ಹಲ್ಲು ಕೀಳಿಸಲು ಹೋದರೂ, ಆಪರೇಷನ್‌ಗೆ ಅರಿವಳಿಕೆ ಕೊಡುವವರು ಬಂದರೂ ಮೊದಲು ಇದನ್ನು ಕೊಡುತ್ತೇನೆ. ಮಡಿಕೆಯಲ್ಲಿ ಹರಿಯಲು ಶುರುವಾಗಿದೆ, ಈ ವಾರ ಲ್ಯಾಮಿನೇಷನ್ ಮಾಡಿಸಬೇಕು.